ದನಿಯ ದೀವ: ಟರ್ಕಿ ಹೇಂಟೆಯ ಒಡಕು ಕಂಠಕ್ಕಾಗಿ ಒಂದು ಮರದ ಬಟ್ಟಲು

(ಪೂರ್ವ ಪೆನ್ಸಿಲ್ವೇನಿಯಾದ ನಮ್ಮ ಊರಿನ ಕನ್ನಡ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಉಜ್ಜಿ ಕೇಳಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾಗಿದೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಶಬ್ದ ಕೇಳಿಸುತ್ತೇನೆ. ದಯವಿಟ್ಟು ಕಿವಿ ಮುಚ್ಚಿಕೊಳ್ಳಬೇಡಿ.

(ಸ್ಲೇಟಿನ ಮೇಲೆ ಬಳಪವನ್ನು ನೆಟ್ಟಗೆ ಹಿಡಿದು ಎಳೆದೆ. ಮುಂದಿನ ಸಾಲಿನವರು ಹಲ್ಲು ಕಚ್ಚಿದರು. ಹಿಂದಿನಿಂದ ನಗು ಬಂತು.)

ನಗುತ್ತಿರುವವರೆಲ್ಲ ನಲವತ್ತು ದಾಟಿದವರು ಎಂದು ಈಗ ಗೊತ್ತಾಯಿತು. ಇಲ್ಲಿ ಹುಟ್ಟಿದ ಮಕ್ಕಳಿಗೆ ಇದು ಬರೀ ಕರ್ಕಶ ಶಬ್ದ. ನಮಗೆ ಇದು ಒಂದನೇ ತರಗತಿ. ತುಮಕೂರು ಜಿಲ್ಲೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಈ ಶಬ್ದ ಕೇಳಿದರೆ ಸಾಕು, ಮೇಷ್ಟ್ರ ಕೈ ಬೆತ್ತದ ಕಡೆಗೆ ಹೋಗುತ್ತಿತ್ತು. ಐವತ್ತು ವರ್ಷ ಕಳೆದ ಮೇಲೆ ಅದೇ ಶಬ್ದವನ್ನು ಬೇಕೆಂದೇ ಹೊರಡಿಸಲು, ಅದೂ ಬೇಕಾದ ಹದದಲ್ಲಿ ಹೊರಡಿಸಲು, ಮೂರು ಚಳಿಗಾಲಗಳನ್ನು ಗ್ಯಾರೇಜಿನಲ್ಲಿ ಕಳೆದಿದ್ದೇನೆ. ಮನೆಯಾಕೆ ಇಲ್ಲೇ ಕುಳಿತಿದ್ದಾಳೆ. ಸಾಕ್ಷಿ ಬೇಕಿದ್ದರೆ ಕೇಳಬಹುದು. ಕೇಳದಿದ್ದರೆ ನನಗೆ ಕ್ಷೇಮ.

ನನ್ನ ಕೈಯಲ್ಲಿರುವ ಇದಕ್ಕೆ ಪಾಟ್ ಕಾಲ್ ಎನ್ನುತ್ತಾರೆ. ಅಂಗೈಯಲ್ಲಿ ಕೂರುವ ಮರದ ಬಟ್ಟಲು. ಅಗಲ ಮೂರೂವರೆ ಇಂಚು, ಎತ್ತರ ಒಂದು ಇಂಚಿನ ಆಸುಪಾಸು. ಬಟ್ಟಲಿನ ಬಾಯಿಗೆ ಸ್ಲೇಟಿನದೋ ಗಾಜಿನದೋ ಒಂದು ದುಂಡು ಬಿಲ್ಲೆ ಕೂರಿಸಿರುತ್ತಾರೆ. ತಳದಲ್ಲಿ ತೂತುಗಳು. ಒಳಗೆ, ಹೊರಗಿನಿಂದ ಕಾಣದಂತೆ, ನಡುವಿನ ಒಂದು ಸಣ್ಣ ಪೀಠದ ಮೇಲೆ ಇನ್ನೊಂದು ಚಿಕ್ಕ ಬಿಲ್ಲೆ. ಇದರ ಜೊತೆಗೆ ಪೆನ್ಸಿಲಿಗಿಂತ ಸ್ವಲ್ಪ ದಪ್ಪನೆಯ ಒಂದು ಮರದ ಕಡ್ಡಿ, ಅದು ಸ್ಟ್ರೈಕರ್. ಕಡ್ಡಿಯ ತುದಿಯನ್ನು ಬಿಲ್ಲೆಯಿಂದ ಎತ್ತದೆ, ಅವರೆಕಾಳಿನಷ್ಟು ಅಗಲದ ಸುತ್ತು ಹಾಕಿದರೆ ಕಾಡಿನ ಟರ್ಕಿ ಹೇಂಟೆ ಕೂಗಿದ ಹಾಗೆ ಕೇಳಿಸಬೇಕು. ಕೇಳಿಸಬೇಕು ಎಂದೆ, ಕೇಳಿಸುತ್ತದೆ ಎನ್ನಲಿಲ್ಲ.

ನಮ್ಮ ಕಡೆ ಬೇಟೆಗಾರರು ಪಳಗಿಸಿದ ಜಿಂಕೆಯೊಂದನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಗಳನ್ನು ಸೆಳೆಯುತ್ತಿದ್ದರು. ಅದಕ್ಕೆ ಹಳೆಯ ಕನ್ನಡದಲ್ಲಿ ‘ದೀವ’ ಎಂಬ ಚಂದದ ಪದವಿದೆ, ದೀವದ ಮಿಗ. ಈ ಬಟ್ಟಲು ದನಿಯ ದೀವ. ವಸಂತದಲ್ಲಿ ಹುಂಜ ಬೆಳಗಿನ ಜಾವ ಮರದ ಮೇಲಿನಿಂದಲೇ ಗಳಗಳ ಎಂದು ಕೂಗಿ ಹೇಂಟೆಯನ್ನು ತನ್ನ ಬಳಿಗೆ ಕರೆಯುತ್ತದೆ. ಹೇಂಟೆ ಹುಂಜದ ಬಳಿಗೆ ಹೋಗುವುದು ಕಾಡಿನ ರೂಢಿ. ಕರೆಯುವವನು ಆ ರೂಢಿಯನ್ನು ತಿರುವುಮುರುವು ಮಾಡಿ ಹುಂಜವನ್ನೇ ನಡೆಸಿಕೊಂಡು ಬರಬೇಕು. ಆದ್ದರಿಂದ ಕೂಗು ಸುಮಾರಾಗಿ ಇದ್ದರೆ ಸಾಲದು.

ನಾನು ಬೇಟೆಗಾರನಲ್ಲ, ಮಾಂಸ ತಿನ್ನುವವನೂ ಅಲ್ಲ. ನನ್ನದು ಕ್ಯಾಮೆರಾ. ಈ ಹುಚ್ಚು ಹಿಡಿಸಿದವರು ನಮ್ಮ ಪಕ್ಕದ ಮನೆಯ ಹಿರಿಯರು, ಬದುಕಿಡೀ ಲೇತ್ ಯಂತ್ರದ ಮುಂದೆ ನಿಂತು ನಿವೃತ್ತರಾದವರು, ಬೇಟೆಗಾರರು. ಅವರ ಕೋವಿಯ ಬಗ್ಗೆ ನನಗೆ ತಕರಾರು ಇದ್ದೇ ಇದೆ. ಆದರೆ ಒಂದು ಮಾತು ಒಪ್ಪಬೇಕು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಾಡು ಟರ್ಕಿ ಅಮೆರಿಕದ ಎಷ್ಟೋ ರಾಜ್ಯಗಳಿಂದ ಪೂರ್ತಿ ಅಳಿಸಿಹೋಗಿತ್ತು. ಅದು ಮರಳಿ ಬಂದದ್ದು, ಉಳಿದಿದ್ದ ಕಾಡುಹಕ್ಕಿಗಳನ್ನು, ಫಿರಂಗಿಯಿಂದ ಸಿಡಿಸುವ ಬಲೆ ಬೀಸಿ, ಹಿಡಿದು ಬೇರೆ ಕಾಡುಗಳಿಗೆ ಸಾಗಿಸಿದ್ದರಿಂದ. ಅಂಥ ಕೆಲಸಕ್ಕೆ ಬಹುಪಾಲು ಹಣ ಬಂದದ್ದು ಬೇಟೆಯ ಪರವಾನಗಿಯಿಂದ ಮತ್ತು 1937ರ ಕಾಯ್ದೆಯಂತೆ ಕೋವಿ, ಗುಂಡುಗಳ ಮೇಲೆ ಸಂಗ್ರಹವಾದ ತೆರಿಗೆಯಿಂದ. ಇಂದು ದೇಶದಲ್ಲಿ ಲಕ್ಷಗಟ್ಟಲೆ ಹಕ್ಕಿಗಳಿವೆ. ನಮ್ಮ ಹಿತ್ತಲಿಗೂ ಬಂದು ಮನೆಯಾಕೆಯ ಮೆಂತ್ಯದ ಮಡಿ ಕೆದರಿವೆ.

ಕರೆಯುವ ಸಾಧನಗಳು ಹೊಸವಲ್ಲ. ಟರ್ಕಿಯದೇ ರೆಕ್ಕೆಯ ಮೂಳೆಯನ್ನು ಟೊಳ್ಳು ಮಾಡಿ, ಬಾಯಲ್ಲಿ ಗಾಳಿ ಎಳೆದು ಕೂಗಿಸುವ ವಿದ್ಯೆ ಇಲ್ಲಿನ ಮೂಲನಿವಾಸಿಗಳದು, ಬಹಳ ಪುರಾತನ. ಮುಚ್ಚಳ ಉಜ್ಜುವ ಮರದ ಪೆಟ್ಟಿಗೆಗೆ ಆರ್ಕನ್ಸಾ ರಾಜ್ಯದ ಹೆನ್ರಿ ಗಿಬ್ಸನ್ ಎಂಬವರು 1897ರಲ್ಲಿ ಪೇಟೆಂಟ್ ಪಡೆದರು. ಇವೆರಡನ್ನೂ ನಾನು ಮಾಡಿ ನೋಡಿಲ್ಲ. ನನ್ನ ಕಣ್ಣು ಮೊದಲ ದಿನದಿಂದಲೂ ಆ ಕರಿ ಬಿಲ್ಲೆಯ ಮೇಲೆಯೇ. ಕಾರಣ ಸರಳ: ಅದು ಸ್ಲೇಟು. ನಾವಿರುವ ಈ ಸೀಮೆಗೆ ಸ್ಲೇಟು ಪಟ್ಟಿ ಎಂದೇ ಹೆಸರು. ಬ್ಯಾಂಗರ್, ಪೆನ್ ಆರ್ಜಿಲ್ ಊರುಗಳ ಗಣಿಗಳಿಂದ ಛಾವಣಿಯ ಹೆಂಚೂ ಶಾಲೆಯ ಕರಿಹಲಗೆಯೂ ದೇಶಕ್ಕೆಲ್ಲ ಹೋಗಿವೆ. ಹಳೆಯ ಮನೆ ಕೆಡವಿದ ಕಡೆ ಹೋಗಿ ಒಡೆದ ಹೆಂಚು ಕೇಳಿದರೆ ಧಾರಾಳವಾಗಿ ಕೊಡುತ್ತಾರೆ. ನನ್ನ ಬಿಲ್ಲೆಗಳೆಲ್ಲ ಯಾರದೋ ಸೂರಿನಿಂದ ಇಳಿದವು.

ಇನ್ನು ಶಬ್ದ ಹುಟ್ಟುವ ಬಗೆ. ನಮ್ಮ ಊರಿಗೆ ದುರುಗಮುರುಗಿಯವರು ಬರುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಹೆಂಗಸಿನ ತಲೆಯ ಮೇಲೆ ದೇವಿಯ ಪೆಟ್ಟಿಗೆ, ಬಗಲಲ್ಲಿ ಉರುಮೆ. ಗಂಡಸಿನ ಕೈಯಲ್ಲಿ ಚಾಟಿ. ಆ ಉರುಮೆಯ ಚರ್ಮವನ್ನು ಬಡಿಯುವುದಷ್ಟೇ ಅಲ್ಲ, ಕಡ್ಡಿಯಿಂದ ಉಜ್ಜುತ್ತಾರೆ. ಬುರ್‌ ಬುರ್‌ ಎಂಬ ಆ ದನಿಗೆ ನಾನು ಅಮ್ಮನ ಸೆರಗಿನ ಹಿಂದೆ ಅಡಗುತ್ತಿದ್ದೆ. ಪಾಟ್ ಕಾಲ್ ಅದೇ ಜಾತಿಯದು. ಕಡ್ಡಿಯ ತುದಿ ಬಿಲ್ಲೆಗೆ ಕಚ್ಚಿಕೊಳ್ಳುತ್ತದೆ, ಕೈ ಎಳೆದಂತೆ ಬಾಗುತ್ತದೆ, ತಾಳಲಾರದೆ ಜಾರುತ್ತದೆ, ಮತ್ತೆ ಕಚ್ಚುತ್ತದೆ. ಒಂದು ಸೆಕೆಂಡಿನಲ್ಲಿ ಸಾವಿರ ಸಲಕ್ಕೂ ಮೀರಿ ಈ ಕಚ್ಚುವ, ಜಾರುವ ಆಟ ನಡೆಯುತ್ತದೆ. ಪಿಟೀಲಿನ ಕಮಾನು ತಂತಿಯ ಮೇಲೆ ಮಾಡುವುದೂ ಇದನ್ನೇ. ಸರ್ ಸಿ.ವಿ. ರಾಮನ್ ಅವರು ಬೆಳಕಿನ ಕೆಲಸಕ್ಕೆ ಹೆಸರಾಗುವ ಮುಂಚೆ ಕಮಾನು ಎಳೆದ ತಂತಿಯ ಕಂಪನವನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದರು. ಮೃದಂಗದ ಕರಣೆಯ, ಅಂದರೆ ಚರ್ಮದ ನಡುವಿನ ಆ ಕರಿ ಲೇಪದ, ಗುಟ್ಟನ್ನೂ ಬಿಡಿಸಿದರು.

ನಡುವೆ ಒಂದು ಅಡ್ಡಮಾತು. ನಮ್ಮ ಫಿಲಡೆಲ್ಫಿಯಾದ ಬೆಂಜಮಿನ್ ಫ್ರಾಂಕ್ಲಿನ್ 1784ರಲ್ಲಿ ಮಗಳಿಗೆ ಬರೆದ ಪತ್ರದಲ್ಲಿ, ಬೋಳುತಲೆಯ ಹದ್ದಿಗಿಂತ ಟರ್ಕಿಯೇ ಹೆಚ್ಚು ಮರ್ಯಾದಸ್ಥ ಹಕ್ಕಿ ಎಂದಿದ್ದಾರೆ. ಇದು ಎಲ್ಲರಿಗೂ ಗೊತ್ತು. ಅದೇ ಮನುಷ್ಯ 1761ರಲ್ಲಿ ಗಾಜಿನ ಬಟ್ಟಲುಗಳನ್ನು ಒದ್ದೆ ಬೆರಳಿನಿಂದ ಉಜ್ಜಿ ನುಡಿಸುವ ವಾದ್ಯವನ್ನೂ ಕಟ್ಟಿದ್ದರು. ಗಾಜು ಉಜ್ಜಿದರೆ ಹಾಡುತ್ತದೆ ಎಂದು ಗೊತ್ತಿತ್ತು, ಟರ್ಕಿಯ ಮೇಲೆ ಅಭಿಮಾನವೂ ಇತ್ತು. ಎರಡನ್ನೂ ಜೋಡಿಸದೆ ಹೋದರಲ್ಲ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಈಗ ನನ್ನ ತಪ್ಪುಗಳಿಗೆ ಬರುತ್ತೇನೆ. ಮೊದಲ ಬಟ್ಟಲು ವಾಲ್‌ನಟ್ ಮರದ್ದು. ಲೇತ್‌ನಲ್ಲಿ ಕಡೆದೆ, ಬಾಯಿಯಲ್ಲಿ ಬಿಲ್ಲೆ ಕೂರಲು ಒಂದು ಮೆಟ್ಟಿಲು ತೆಗೆದೆ, ಕಲ್ಲಿನಂತೆ ಗಟ್ಟಿಯಾಗುವ ಎಪಾಕ್ಸಿ ಅಂಟು ಹಾಕಿ ಬಿಲ್ಲೆ ಅಂಟಿಸಿದೆ. ನಾನು ಎಂಜಿನಿಯರ್, ನನಗೆ ಬಿಗಿ ಎಂದರೆ ಒಳ್ಳೆಯದು. ಉಜ್ಜಿದಾಗ ಕೀರಲು ದನಿಯೊಂದು ಬಂತು, ಶುದ್ಧ, ಸಪೂರ, ಒಂದೇ ಶ್ರುತಿ. ಹೆಮ್ಮೆಯಿಂದ ಪಕ್ಕದ ಮನೆಗೆ ಒಯ್ದೆ. ಹಿರಿಯರು ಎರಡು ಸಲ ಉಜ್ಜಿ ಕೆಳಗಿಟ್ಟು, ಇದು ಕೊಳಲು, ಟರ್ಕಿ ಅಲ್ಲ ಎಂದರು.

ಅವರ ಮಾತು ಅರ್ಥವಾಗಲು ಹಕ್ಕಿಯನ್ನೇ ಕೇಳಬೇಕಾಯಿತು. ಹೇಂಟೆಯ ಮುಖ್ಯ ಕೂಗಿಗೆ ಯೆಲ್ಪ್ ಎನ್ನುತ್ತಾರೆ. ಅದು ಎತ್ತರದ ತಿಳಿಯಾದ ಸ್ವರದಲ್ಲಿ ಹೊರಟು, ನಡುವೆ ಮುರಿದು, ತಗ್ಗಿನ ಗೊಗ್ಗರು ಸ್ವರಕ್ಕೆ ಬೀಳುತ್ತದೆ. ಹರೆಯಕ್ಕೆ ಬಂದ ಹುಡುಗನ ಗಂಟಲು ಒಡೆದ ಹಾಗೆ. ಆ ಮುರಿತವೇ ಹಕ್ಕಿಯ ಗುರುತು. ನಾನೋ ಶ್ರುತಿಪೆಟ್ಟಿಗೆಯ ಮುಂದೆ ಬೆಳೆದವನು. ಅಪಸ್ವರ ಕಿವಿಗೆ ಬಿದ್ದರೆ ಮುಖ ಸಿಂಡರಿಸುವುದನ್ನು ಕಲಿತವನು. ಅಂಥವನು ಒಡಕನ್ನು ಹುಡುಕಬೇಕಾಯಿತು. ಸುಂದರವಾದ ದನಿ ತೆಗೆಯುವುದು ಸುಲಭ ಎಂದು ನಾನೀಗ ಧೈರ್ಯವಾಗಿ ಹೇಳುತ್ತೇನೆ. ಒಂದೇ ಎಳೆತದಲ್ಲಿ ಎರಡು ಸ್ವರ, ಎರಡರ ನಡುವೆ ಒಂದು ಸಲೀಸಾದ ಬಿರುಕು, ಇದು ಕಷ್ಟ.

ಎಪಾಕ್ಸಿಯ ಪಾಪ ಆಗ ತಿಳಿಯಿತು. ದುಂಡು ತಗಡಿನ ಕಂಪನಕ್ಕೆ ಹಳೆಯ ಲೆಕ್ಕವಿದೆ. ಅಂಚನ್ನು ಅಲುಗದಂತೆ ಬಿಗಿ ಹಿಡಿದರೆ, ಸುಮ್ಮನೆ ಅಂಚಿನ ಮೇಲೆ ಕೂರಿಸಿದ್ದಕ್ಕಿಂತ ಮೂಲಸ್ವರ ಹೆಚ್ಚುಕಡಿಮೆ ಎರಡರಷ್ಟು ಮೇಲೇರುತ್ತದೆ. ಅಂದರೆ ಬಿಲ್ಲೆ, ಬಟ್ಟಲು, ಕಡ್ಡಿ ಯಾವುದನ್ನೂ ಮುಟ್ಟದೆ, ಕೇವಲ ಅಂಟಿನಿಂದ ಇಷ್ಟು ದೊಡ್ಡ ವ್ಯತ್ಯಾಸ ಸಾಧ್ಯ. ಮೆತ್ತಗೆ ಒಣಗುವ ಸಿಲಿಕೋನ್ ಅಂಟಿಗೆ ಬದಲಾಯಿಸಿದೆ. ಅದೇ ವಾಲ್‌ನಟ್, ಅದೇ ಹೆಂಚಿನ ಚೂರು. ದನಿ ಕೆಳಗಿಳಿಯಿತು, ಜೊತೆಗೆ ಸ್ವಲ್ಪ ಕರಕರ ಬಂತು. ಆಮೇಲೆ ಅಂಟಿನ ಪದರ ದಪ್ಪವಾದಾಗ ಏನಾಗುತ್ತದೆ, ಮೆಟ್ಟಿಲು ಅಗಲವಾದಾಗ ಏನಾಗುತ್ತದೆ ಎಂದು ಒಂದೊಂದಾಗಿ ನೋಡಿದೆ. ಮೆಟ್ಟಿಲು ಅಗಲವಾದಷ್ಟೂ ಬಿಲ್ಲೆ ಮೂಕವಾಗುತ್ತದೆ. ಅಂಟು ವಿಪರೀತವಾದರೆ ಮೂಗು ಕಟ್ಟಿದವರು ಮಾತನಾಡಿದ ಹಾಗೆ.

ಬಿಲ್ಲೆಯ ಅಳತೆಗೆ ಎರಡು ನಿಯಮ ಸಾಕು. ದಪ್ಪ ಎರಡರಷ್ಟಾದರೆ ಸ್ವರವೂ ಎರಡರಷ್ಟು. ವ್ಯಾಸ ಹೆಚ್ಚಿದರೆ ಸ್ವರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ; ಮೂರು ಇಂಚಿನ ಬಿಲ್ಲೆಯನ್ನು ಮೂರೂಕಾಲು ಮಾಡಿದರೆ ಶೇಕಡ 15ರಷ್ಟು ಇಳಿಕೆ. ಕಾಲು ಇಂಚನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಹಕ್ಕಿ ಇಡುತ್ತದೆ.

ಒಂದು ಸಂಜೆ ಬಿಲ್ಲೆಯ ಮೇಲೆ ಚಿರೋಟಿ ರವೆ ಉದುರಿಸಿ ಅಂಚಿನ ಬಳಿ ಉಜ್ಜಿದೆ. ಜರ್ಮನಿಯ ಕ್ಲಾಡ್ನಿ 1787ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಅವರು ತಗಡಿನ ಮೇಲೆ ಮರಳು ಉದುರಿಸಿ ಅಂಚಿಗೆ ಪಿಟೀಲಿನ ಕಮಾನು ಎಳೆಯುತ್ತಿದ್ದರು. ಕಂಪಿಸುವ ಜಾಗದಿಂದ ಕಣಗಳು ಕುಣಿದು ಕಂಪಿಸದ ಗೆರೆಗಳಲ್ಲಿ ಕೂಡುತ್ತವೆ. ನನ್ನ ರವೆ ರಂಗೋಲಿಯಷ್ಟು ಅಂದವಾಗಿ ಮೂಡಲಿಲ್ಲ, ಅರ್ಧ ಗ್ಯಾರೇಜಿನ ನೆಲಕ್ಕೆ ಹೋಯಿತು. ಆದರೂ ಅಂಚಿನ ಬಳಿ ಒಂದು ನಕ್ಷೆ, ನಡುವಿನ ಕಡೆ ಸರಿದಾಗ ಬೇರೊಂದು ಎಂಬುದು ಕಣ್ಣಿಗೇ ಕಂಡಿತು. ಅಂಚಿಗೆ ಹೋದರೆ ದನಿ ಏರುತ್ತದೆ, ನಡುವಿಗೆ ಬಂದರೆ ಇಳಿಯುತ್ತದೆ ಎಂದು ಹಿರಿಯರು ಹೇಳಿಕೊಟ್ಟಿದ್ದರು. ಎರಡರ ನಡುವಿನ ಗಡಿಯಲ್ಲಿ, ಅಂಚಿನಿಂದ ಒಂದು ಇಂಚು ಒಳಗೆ, ಕಡ್ಡಿಗೆ ಯಾವ ಕಡೆ ಹೋಗಲಿ ಎಂದು ತೋಚುವುದಿಲ್ಲ. ಒಡಕು ಸಿಗುವುದು ಅಲ್ಲಿಯೇ.

ತೂತುಗಳ ಕಥೆ ಬೇರೆ. ಬಟ್ಟಲಿನ ಒಳಗಿನ ಗಾಳಿಯೂ ವಾದ್ಯವೇ; ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಹೂಂ ಎನ್ನುತ್ತದಲ್ಲ, ಅದೇ ನಿಯಮ. ನನ್ನ ಬಟ್ಟಲಿನ ಒಳ ಅಗಲ 70 ಮಿಲಿಮೀಟರ್, ಆಳ 12, ತಳದಲ್ಲಿ ಒಂಬತ್ತೂವರೆ ಮಿಲಿಮೀಟರಿನ ಏಳು ತೂತು. ಕಾಗದದ ಮೇಲೆ ಲೆಕ್ಕ ಹಾಕಿದರೆ ಆ ಗಾಳಿಯ ಸ್ವಂತ ಸ್ವರ ಸುಮಾರು 1,600 ಹರ್ಟ್ಸ್. ನಾನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದ ಹೇಂಟೆಗಳ ಕೂಗಿನ ಬಲವೂ ಅದರ ಆಸುಪಾಸಿನಲ್ಲೇ ಇತ್ತು. ಯಾರೂ ಲೆಕ್ಕ ಹಾಕದೆ, ಕಿವಿಯಿಂದಲೇ ಈ ಅಳತೆಗೆ ಬಂದು ನಿಂತಿರುವ ಹಳೆಯ ಕುಶಲಕರ್ಮಿಗಳಿಗೆ ಆ ರಾತ್ರಿ ಮನಸ್ಸಿನಲ್ಲೇ ಕೈಮುಗಿದೆ. ನಿಜವಾದ ಬಟ್ಟಲಿನಲ್ಲಿ ಒಳಬಿಲ್ಲೆ ಗಾಳಿಯನ್ನು ಎರಡು ಕೋಣೆ ಮಾಡುವುದರಿಂದ ಲೆಕ್ಕ ದಾರಿ ತೋರಿಸುತ್ತದೆಯೇ ಹೊರತು ಊರು ಮುಟ್ಟಿಸುವುದಿಲ್ಲ. ಆದ್ದರಿಂದ ತೂತುಗಳಿಗೆ ಇನ್ಸುಲೇಷನ್ ಟೇಪ್ ಅಂಟಿಸಿ, ಒಂದೊಂದಾಗಿ ಬಿಚ್ಚುತ್ತ ಉಜ್ಜಿದೆ. ಎಲ್ಲ ಮುಚ್ಚಿದಾಗ ದನಿ ಕಂಬಳಿಯೊಳಗೆ. ತೆರೆದಷ್ಟೂ ಮೇಲಕ್ಕೆ, ಹೊರಕ್ಕೆ. ಟೇಪಿನ ಬೆಲೆ ಒಂದು ಡಾಲರ್. ಕೊರೆದ ತೂತನ್ನು ಮತ್ತೆ ಮರವಾಗಿಸುವಂತಿಲ್ಲ, ಬಿಚ್ಚಿದ ಟೇಪನ್ನು ಮತ್ತೆ ಅಂಟಿಸಬಹುದು. ಈ ಬುದ್ಧಿ ಆರನೇ ಬಟ್ಟಲಿಗೆ ಬಂತು. ಮೊದಲ ಐದರ ತಳ ಜರಡಿಯ ಹಾಗಿದೆ.

ಒಳಬಿಲ್ಲೆಗೂ ಮೇಲಿನ ಬಿಲ್ಲೆಗೂ ನಡುವಿನ ಸಂದು ನನ್ನನ್ನು ಅತಿ ಹೆಚ್ಚು ಆಡಿಸಿತು. ಪೀಠವನ್ನು ಸಡಿಲವಾಗಿ ಮಾಡಿ, ಕೆಳಗೆ ಇಸ್ಪೀಟು ಎಲೆಯ ಚೂರುಗಳನ್ನು ಒಂದರ ಮೇಲೊಂದು ಇಟ್ಟು ಎತ್ತರಿಸುತ್ತ ಹೋದೆ. ಎರಡು ಮಿಲಿಮೀಟರಿನ ಸಂದಿನಲ್ಲಿ ದನಿ ಚುರುಕು, ಆದರೆ ಗಂಟಲು ಹಿಸುಕಿದ ಹಾಗೆ. ಆರಕ್ಕೆ ಹೋದರೆ ಬಾವಿಯೊಳಗಿಂದ ಕರೆದ ಹಾಗೆ. ನಡುವೆ ಎಲ್ಲೋ ಒಂದು ಕಡೆ, ಒಂದೇ ಎಲೆ ಹೆಚ್ಚಿಸಿದಾಗ, ಸ್ವರ ತಟ್ಟನೆ ಎರಡಾಗಿ ಒಡೆಯಿತು. ರಾತ್ರಿ ಹನ್ನೊಂದೂವರೆ. ಒಬ್ಬನೇ ಕೂಗಿಕೊಂಡೆ. ಆ ಎಲೆ ಕಳಾವರ್ ನಾಲ್ಕು. ಇವತ್ತಿಗೂ ಆ ಬಟ್ಟಲಿನೊಳಗೇ ಇದೆ, ತೆಗೆಯಲು ಧೈರ್ಯವಿಲ್ಲ.

ಮರದ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ರುಚಿಸುವುದಿಲ್ಲ. ಚೆರ್ರಿ ಮೃದು, ವಾಲ್‌ನಟ್ ಬೆಚ್ಚಗೆ, ಆಸೇಜ್ ಆರೆಂಜ್ ಚುರುಕು ಎಂದೆಲ್ಲ ಮಾರುವವರು ಹೇಳುತ್ತಾರೆ. ಒಂದೇ ಅಳತೆಯಲ್ಲಿ ಮೂರು ಮರದ ಬಟ್ಟಲು ಕಡೆದು, ಗ್ಯಾರೇಜಿನ ಬಾಗಿಲ ಹಿಂದೆ ನಿಂತು ಉಜ್ಜಿ, ಆಚೆ ಕುಳಿತ ಹಿರಿಯರಿಗೆ ಯಾವುದು ಯಾವ ಮರ ಹೇಳಿ ಎಂದೆ. ಅವರ ಉತ್ತರಗಳು ನಾಣ್ಯ ಚಿಮ್ಮಿದ ಹಾಗಿದ್ದವು. ಅಂಟು ಬದಲಾದರೆ ಮಾತ್ರ ಪ್ರತಿ ಸಲವೂ ಹಿಡಿದರು. ಒಬ್ಬರ ಕಿವಿ, ಮೂರು ಬಟ್ಟಲು, ಶಾಸ್ತ್ರವೆಂದು ಸಾಧಿಸಲಾರೆ. ಆದರೂ ಮರಕ್ಕೆ ನಾವು ಕೊಡುವ ಹೊಗಳಿಕೆಯಲ್ಲಿ ಅರ್ಧ ಅಂಚಿಗೆ ಸಲ್ಲಬೇಕಾದ್ದು ಎಂದೇ ನನ್ನ ಎಣಿಕೆ. ಕಡ್ಡಿಯ ಮರ ಬೇರೆ ಮಾತು. ಹಿಕರಿ ಕಡ್ಡಿಗೂ ಪರ್ಪಲ್‌ಹಾರ್ಟ್ ಕಡ್ಡಿಗೂ ಮಗು ಕೂಡ ವ್ಯತ್ಯಾಸ ಹೇಳುತ್ತದೆ, ಏಕೆಂದರೆ ಕಚ್ಚಿ ಜಾರುವುದು ಅದೇ. ಅದರ ತುದಿಗೆ ಕೈಯ ಜಿಡ್ಡು ತಗುಲಿತೆಂದರೆ ಮುಗಿಯಿತು. ಬಿಲ್ಲೆಯನ್ನು ಒರಟು ಮಾಡುತ್ತಲೂ ಇರಬೇಕು: ಸ್ಲೇಟಿಗೆ ಪಾತ್ರೆ ತಿಕ್ಕುವ ಹಸಿರು ನಾರು ಸಾಕು, ಗಾಜಿಗೆ ಒರಟಾದ ಸ್ಯಾಂಡ್‌ಪೇಪರ್ ಬೇಕು.

ಕೊನೆಯ ಬಟ್ಟಲು ಇದು. ಕೈಯಿಂದ ಕೈಗೆ ದಾಟಿಸಿ, ನೋಡಿ. ಹೌದು, ಕರಟ. ತಿಪಟೂರು ಸೀಮೆಯವನು ಇಷ್ಟು ದಿನ ಕರಟ ಬಿಟ್ಟು ಬೇರೆ ಬಟ್ಟಲು ಹುಡುಕಿದ್ದೇ ತಪ್ಪು. ಇಂಡಿಯನ್ ಅಂಗಡಿಯ ತೆಂಗಿನಕಾಯಿ, ಚಟ್ನಿಗೆ ಬಳಸಿದ ಮೇಲೆ ಉಳಿದದ್ದು. ಮೊದಲು ಅರ್ಧ ಕರಟವನ್ನು ಹಾಗೇ ಬಳಸಿದೆ; ಆಳ ಹೆಚ್ಚು, ಗಾಳಿ ಹೆಚ್ಚು, ಗೂಬೆಯ ದನಿ ಬಂತು. ಆಮೇಲೆ ಬಾಯಿಯಿಂದ ಕೆಳಗೆ ಕೊಯ್ಯುತ್ತ ತಟ್ಟೆಯ ಹಾಗೆ ಮಾಡಿಕೊಂಡೆ. ತಳ ದುಂಡಗಿರುವುದರಿಂದ ಪೀಠ ಕೂರಿಸಲು ಪಟ್ಟ ಪಾಡು ಹೇಳಿದರೆ ಊಟ ತಣ್ಣಗಾಗುತ್ತದೆ. ಕಾಯಿಯ ಮೂರು ಕಣ್ಣುಗಳನ್ನು ತೂತುಗಳಾಗಿ ಉಳಿಸಿಕೊಂಡು, ಇನ್ನೂ ಮೂರು ಕೊರೆದೆ. ಯೆಲ್ಪ್ ಸುಮಾರು. ಆದರೆ ಹೇಂಟೆ ಮೇಯುತ್ತ ತನ್ನಷ್ಟಕ್ಕೆ ಗೊರಗುಟ್ಟುವ ಮೆದು ದನಿ, ಪರ್ ಎನ್ನುತ್ತಾರೆ, ಅದು ಇದರಲ್ಲಿ ಬರುವಷ್ಟು ಚೆನ್ನಾಗಿ ನನ್ನ ಯಾವ ಬಟ್ಟಲಿನಲ್ಲೂ ಬರುವುದಿಲ್ಲ.

ಹೋದ ಮೇ ತಿಂಗಳಲ್ಲಿ ಹಿರಿಯರ ಸ್ವಂತ ಜಮೀನಿನ ಓಕ್ ತೋಪಿಗೆ ಇದನ್ನು ಒಯ್ದೆವು. ಕೆಂಪು, ಬಿಳಿ, ನೀಲಿ ಬಟ್ಟೆ ತೊಡಬಾರದು, ಹುಂಜದ ತಲೆಯ ಬಣ್ಣಗಳವು, ಬೇರೆ ಬೇಟೆಗಾರನ ಕಣ್ಣಿಗೆ ನಾವೇ ಹುಂಜವಾಗುತ್ತೇವೆ. ಭುಜಕ್ಕಿಂತ ಅಗಲವಾದ ಮರಕ್ಕೆ ಒರಗಿ ಕುಳಿತೆವು. ಬೆಳಕು ಹರಿಯುವ ಮುಂಚೆ ಗುಡ್ಡದ ಮೇಲಿನಿಂದ ಹುಂಜ ಎರಡು ಸಲ ಕೂಗಿ ಸುಮ್ಮನಾಯಿತು. ನಾನು ಉಜ್ಜಿದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಎಡಗಡೆಯ ಜರಿಗಿಡಗಳ ಹಿಂದಿನಿಂದ ಉತ್ತರ ಬಂತು, ಹುಂಜದ್ದಲ್ಲ, ಹೇಂಟೆಯದು. ನಾನು ಮೂರು ಕೂಗಿದರೆ ಅದು ಐದು ಕೂಗಿತು. ನನ್ನ ಕೂಗು ಮುಗಿಯುವ ಮೊದಲೇ ಮೇಲೆ ಬಿದ್ದು ಕೂಗಿತು. ತನ್ನ ಸೀಮೆಗೆ ಯಾವಳೋ ಬಂದಿದ್ದಾಳೆ ಎಂಬ ಸಿಟ್ಟು. ಇಪ್ಪತ್ತು ಹೆಜ್ಜೆ ದೂರಕ್ಕೆ ಬಂದು ಕತ್ತು ನಿಮಿರಿಸಿ ನಿಂತಿತು. ಕ್ಯಾಮೆರಾ ತೊಡೆಯ ಮೇಲೇ ಉಳಿಯಿತು. ಕೈ ಎತ್ತಿದ್ದರೆ ಕಂಡುಬಿಡುತ್ತಿತ್ತು.

ಅಷ್ಟು ಹತ್ತಿರದಿಂದ ಕೇಳಿದಾಗ ಗೊತ್ತಾಯಿತು, ಅದರ ತಾಳ ನನ್ನದಕ್ಕಿಂತ ಕೆಟ್ಟದಾಗಿತ್ತು. ಎರಡನೆಯ ಸ್ವರ ನಾನು ಸಾಧಿಸಿದ್ದಕ್ಕಿಂತಲೂ ಒಡೆದಿತ್ತು. ಹಿರಿಯರು ನನ್ನ ಕಿವಿಯ ಬಳಿ ಬಾಗಿ, ಟರ್ಕಿ ಕೂಗಿನ ಸ್ಪರ್ಧೆಗೆ ಹೋಗಿದ್ದರೆ ಇದಕ್ಕೆ ಬಹುಮಾನ ಬರುತ್ತಿರಲಿಲ್ಲ ಎಂದು ಪಿಸುಗುಟ್ಟಿದರು. ಅಷ್ಟಕ್ಕೇ ಹಕ್ಕಿ ಪಟ್ ಎಂದು ಎಚ್ಚರಿಕೆಯ ದನಿ ತೆಗೆದು ಜರಿಗಿಡಗಳ ಒಳಗೆ ನುಗ್ಗಿತು.

ಮನೆಗೆ ಬಂದು ಕರಟದ ಅಂಚಿನ ಅಂಟನ್ನು ಚಾಕುವಿನಿಂದ ಒಂದು ಕಡೆ ಮಾತ್ರ, ಕಾಲು ಸುತ್ತಿನಷ್ಟು, ಬಿಡಿಸಿದೆ. ಈಗ ನೀವು ಕೇಳುವುದು ಅದನ್ನೇ.

(ಉಜ್ಜಿ ತೋರಿಸಿದೆ. ಹಿಂದಿನ ಸಾಲಿನಲ್ಲಿ ಮಲಗಿದ್ದ ಮಗುವೊಂದು ಎದ್ದು ಅಳತೊಡಗಿದ್ದರಿಂದ ಪ್ರಶ್ನೋತ್ತರವನ್ನು ಊಟದ ನಂತರಕ್ಕೆ ಇಟ್ಟುಕೊಂಡೆವು.)